ಎಡಗಡೆಯ ಪಿಸ್ಟನ್ನು

ನಿನ್ನೆ ನಮ್ಮ ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಹಚ್ಚಲು ಒಬ್ಬ ಪೇಂಟರ್ ಬಂದಿದ್ದ. ಕೆಲಸ ಮುಗಿದ ಮೇಲೆ ಬ್ರಷ್ ತೊಳೆಯಲು ಹಳೇ ಡಬ್ಬವೊಂದರಲ್ಲಿ ಸೀಮೆಎಣ್ಣೆ ಸುರಿದುಕೊಂಡ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೋ ನನಗೆ ತಿಳಿಯದು. ರೇಷನ್ ಅಂಗಡಿಯಲ್ಲಿ ಅದನ್ನು ಕಂಡು ವರ್ಷಗಳಾದವು. ಅವನು ಬ್ರಷ್ ಅದ್ದಿ ಅಲುಗಿಸಿದ್ದೇ ತಡ, ವಾಸನೆ ಅಡುಗೆಮನೆಗೆ ಬಂತು. ಬೇಳೆ ಕೇರುತ್ತಿದ್ದವಳು ಮೊರ ಹಿಡಿದುಕೊಂಡೇ ಹೊರಗೆ ಬಂದು ಅವನ ಡಬ್ಬದ ಮುಂದೆ ನಿಂತುಬಿಟ್ಟೆ.

"ದೂರ ನಿಂದರ್ರಿ ಅಮ್ಮಾರ, ತಲಿ ತಿರುಗ್ತೈತಿ" ಎಂದ ಅವನು.

ತಲೆ ತಿರುಗಲಿಲ್ಲ. ನಿಮಗೆ ಮಲ್ಲಿಗೆ ಹೇಗೋ ನನಗೆ ಸೀಮೆಎಣ್ಣೆ ಹಾಗೆ. ನನ್ನ ತವರುಮನೆಯ ವಾಸನೆ ಅದು. ನಕ್ಕರೆ ನಗಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಗಂಡನೂ ಮದುವೆಯಾದ ಹೊಸತರಲ್ಲಿ ನಕ್ಕವನೇ.

ನಮ್ಮ ಅಪ್ಪ ಹೊಸಪೇಟೆಯಲ್ಲಿ ಮೋಟಾರ್ ಸೈಕಲ್ ಮೆಕ್ಯಾನಿಕ್ ಆಗಿದ್ದ. ಸಂಡೂರು ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಚಪ್ಪರ, ಅದರ ಹಿಂದೆ ಎರಡು ಕೋಣೆ. ಚಪ್ಪರ ಗ್ಯಾರೇಜು, ಕೋಣೆಗಳು ಮನೆ. ಹಂಪಿ ಬಜಾರಿನ ಗೈಡುಗಳು, ಕಂಪ್ಲಿಯ ಬಾಳೆತೋಟದವರು, ಸಂಡೂರಿನ ಗಣಿ ಸೂಪರ್‌ವೈಸರುಗಳು, ಎಲ್ಲರ ಗಾಡಿಗಳೂ ಒಂದಲ್ಲ ಒಂದು ದಿನ ಆ ಚಪ್ಪರದಡಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವೇ. ಬಿಚ್ಚಿದ ಭಾಗಗಳನ್ನು ಅಪ್ಪ ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆಯುತ್ತಿದ್ದ. ಅವನ ಅಂಗಿ, ಅವನ ಹಾಸಿಗೆ, ಅವನು ಮುಟ್ಟಿದ ರೊಟ್ಟಿ, ಎಲ್ಲಕ್ಕೂ ಅದೇ ವಾಸನೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಮೆಕ್ಯಾನಿಕ್ ಕೆಲಸದೊಳಗೆ ಕಾಲಿಟ್ಟದ್ದು ಧೂಳಿನಿಂದ. ಆಗ ಅದಿರು ಲಾರಿಗಳು ನಮ್ಮ ಬಾಗಿಲ ಮುಂದೆಯೇ ಸಾಲು ಹಿಡಿದು ಹೋಗುತ್ತಿದ್ದವು. ಅವ್ವ ಹಪ್ಪಳ ಒಣಹಾಕಿದರೆ ಸಂಜೆಯ ಹೊತ್ತಿಗೆ ಅವು ತಾವೇ ಖಾರದ ಹಪ್ಪಳದ ಬಣ್ಣಕ್ಕೆ ತಿರುಗಿರುತ್ತಿದ್ದವು. ಗಾಡಿಯ ಚಕ್ರ ಬಿಚ್ಚಲು ಧೂಳಿನ ಅಡ್ಡಿಯಿಲ್ಲ. ಆದರೆ ಸಿಲಿಂಡರಿಗೆ ಪಿಸ್ಟನ್ ಹೊಂದಿಸುವಾಗ ಒಂದು ಕಣ ಕೆಂಪು ಧೂಳು ನಡುವೆ ಸಿಕ್ಕರೂ ಕೆಲಸ ಕೆಟ್ಟಂತೆ. ಮನೆಯಲ್ಲಿ ಧೂಳು ಬರದ ಜಾಗ ಒಂದೇ ಇತ್ತು, ಕಿಟಕಿಯಿಲ್ಲದ ಅಡುಗೆಮನೆ. ಅಪ್ಪ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಬರುತ್ತಿದ್ದ. ಅಲ್ಲಿ ನಾನಿರುತ್ತಿದ್ದೆ. ಮೊದಲು ಒರೆಸಿ ಕೊಡು ಎಂದ. ಆಮೇಲೆ ಎಣ್ಣೆ ಸವರು ಎಂದ. ಅವನ ಬೆರಳುಗಳು ಸುತ್ತಿಗೆ ಹಿಡಿದು ಹಿಡಿದು ದಡ್ಡುಗಟ್ಟಿದ್ದವು. ಒಂದು ದಿನ ನನ್ನ ಕೈ ನೋಡಿ, "ನೀನ ಬಿಡು ನೋಡೋಣ" ಎಂದ.

ಆ ಕೆಲಸವನ್ನು ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಸಿಲಿಂಡರ್ ಎಂದರೆ ಒಳಗೆ ನುಣುಪಾದ ಕಬ್ಬಿಣದ ಕೊಳವೆ. ಪಿಸ್ಟನ್ ಅದರೊಳಗೆ ಮೇಲೆ ಕೆಳಗೆ ಓಡಾಡುವ ಅಲ್ಯೂಮಿನಿಯಮ್ ಬಟ್ಟಲು. ಹಳೇ ಎಂಜಿನ್ ಬಿಚ್ಚಿದರೆ ಸವೆದ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು, ಒಳಗಿನಿಂದ ಕೊರೆಸಿ, ಒಂದು ಸುತ್ತು ದಪ್ಪದ ಹೊಸ ಪಿಸ್ಟನ್ ಹಾಕಬೇಕು. ಎಷ್ಟು ಕೊರೆದರು ಎನ್ನುವುದೇ ಎಲ್ಲ. ಸಡಿಲವಾದರೆ ಗಾಡಿ ಕೆಮ್ಮಿಕೊಂಡು ಓಡುತ್ತದೆ. ಬಿಗಿಯಾದರೆ, ಬಿಸಿಗೆ ಪಿಸ್ಟನ್ ಉಬ್ಬಿ ಓಡುವಾಗಲೇ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ.

ಅಳೆಯಲು ಗೇಜುಗಳಿವೆ. ಅಪ್ಪನ ಹತ್ತಿರವೂ ತೆಳು ಪಟ್ಟಿಯಂಥದೊಂದಿತ್ತು, ಅವನು ಅದರಿಂದ ಹಲ್ಲಿನ ಸಂದು ಕೆದಕಿಕೊಳ್ಳುತ್ತಿದ್ದ. ಅವನು ನಂಬಿದ್ದು ಬೇರೆ ಪದ್ಧತಿ. ಸಿಲಿಂಡರನ್ನು ಎರಡು ಮರದ ತುಂಡುಗಳ ಮೇಲೆ ನೆಟ್ಟಗೆ ನಿಲ್ಲಿಸಿ, ಒಳಗೆ ಬೆರಳಿನಿಂದ ಒಂದು ಹನಿ ಎಣ್ಣೆ ಸವರಿ, ಸುತ್ತಲಿನ ರಿಂಗ್ ಹಾಕದ ಬರೀ ಪಿಸ್ಟನ್ನನ್ನು ಸಿಲಿಂಡರಿನ ಬಾಯಲ್ಲಿಟ್ಟು ಕೈಬಿಡಬೇಕು. ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ದಡಕ್ಕನೆ ಬಿದ್ದರೆ ಸಡಿಲ. ಬೆರಳಿನಿಂದ ಒತ್ತಬೇಕಾದರೆ ಬಿಗಿ. "ಉಂಡು ಎದ್ದ ಹಿರಿಯರು ಗ್ವಾಡಿಗೆ ಒರಗಿ ಜಾರಿ ಕುಂದರ್ತಾರಲ್ಲ, ಹಂಗ ಇಳೀಬೇಕು" ಎನ್ನುತ್ತಿದ್ದ ಅಪ್ಪ. ಕೈಬಿಡುವ ಕ್ಷಣದಲ್ಲಿ ಬೆರಳಿಗೊಂದು ಸಣ್ಣ ಎಳೆತ ತಾಕುತ್ತದೆ. ಅದನ್ನು ನಾನು ಹೇಗೆ ವಿವರಿಸಲಿ? ನಿದ್ದೆ ಹೋದ ಕೂಸು ನಿಮ್ಮ ಬೆರಳು ಬಿಡುವಾಗ ತಾಕುತ್ತದಲ್ಲ, ಹಾಗೆ.

ಇನ್ನೊಂದು ಕಟ್ಟುನಿಟ್ಟು ಇತ್ತು. ಲೇತ್ ಅಂಗಡಿಯಿಂದ ಬಂದ ದಿನ ನೋಡಕೂಡದು. ಪಿಸ್ಟನ್ನನ್ನೂ ಸಿಲಿಂಡರನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿ ಒಂದು ರಾತ್ರಿ ಮಲಗಿಸಬೇಕು. ಲೋಹ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಎರಡೂ ಒಂದೇ ತಂಪಿಗೆ ಬಂದ ಮೇಲೆ, ಬೆಳಿಗ್ಗೆ, ಒಲೆ ಹೊತ್ತಿಸುವ ಮೊದಲು ನೋಡಬೇಕು. ನಾನು ನೋಡಿ ಹೇಳುವ ತನಕ ಅವ್ವನಿಗೆ ಚಹ ಮಾಡುವಂತಿರಲಿಲ್ಲ.

"ಮಂದಿ ಮನ್ಯಾಗ ಹೆಣ್ಮಕ್ಕಳು ಮುಂಜಾನೆದ್ದು ರಂಗೋಲಿ ಹಾಕ್ತಾರ. ನಮ್ಮ ಮನ್ಯಾಗ ಇದು" ಎಂದು ಅವ್ವ ಹೊಸ್ತಿಲಲ್ಲಿ ಕೂತು ಗೊಣಗುತ್ತಿದ್ದಳು. "ಸಾರಿಗೆ ಉಪ್ಪು ಎಷ್ಟಂತ ಗೊತ್ತಿಲ್ಲ, ಪಿಸ್ಟನ್ನಿಗೆ ಎಣ್ಣಿ ಎಷ್ಟಂತ ಗೊತ್ತೈತಿ."

ಉಪ್ಪಿನ ವಿಷಯದಲ್ಲಿ ಅವಳು ಹೇಳಿದ್ದು ನಿಜ. ಈಗಲೂ ನಿಜ. ಆದರೆ ಪಿಸ್ಟನ್ ವಿಷಯದಲ್ಲಿ ನನ್ನ ಕೈ ಒಮ್ಮೆಯೂ ತಪ್ಪಿರಲಿಲ್ಲ. ಓದು ಇಲ್ಲ, ಬಣ್ಣ ಇಲ್ಲ, ಅಡುಗೆ ಹೀಗೆ. ನನಗೆ ಇದ್ದ ಹೆಸರು ಅದೊಂದೇ. ಆ ಹೆಸರನ್ನು ಊರ ತುಂಬ ಡಂಗುರ ಹೊಡೆದವನು ನನ್ನ ತಮ್ಮ ಪಂಪಾಪತಿ. "ನಮ್ಮಕ್ಕ ಸರಿ ಐತಿ ಅಂದ್ರ ಮುಗೀತು, ಕಂಪನಿಯವರು ಬಂದ್ರೂ ಬ್ಯಾರೆ ಹೇಳಂಗಿಲ್ಲ" ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದ. ನಾನೂ ಕೇಳಲಿ ಎಂದೇ ಬಡಿಯುವುದನ್ನು ನಿಲ್ಲಿಸುತ್ತಿದ್ದೆ.

ಪಂಪ ನನಗಿಂತ ಎರಡು ವರ್ಷ ಚಿಕ್ಕವನು. ಅಪ್ಪನ ಕೆಲಸ ಅವನಿಗೆ ನೀರು ಕುಡಿದಂತೆ ಬಂದಿತ್ತು. ಇಪ್ಪತ್ತನೆಯ ವಯಸ್ಸಿಗೆ ಅವನು ಗುಜರಿಯಿಂದ ಒಂದು ಗಾಡಿ ಎಳೆದು ತಂದ. ಎರಡು ಸಿಲಿಂಡರಿನ ಗಾಡಿ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುವಂಥದ್ದು, ಓಡಿದರೆ ನೀಲಿ ಹೊಗೆ, ಶಬ್ದ ಕೇಳಿದರೆ ದರೋಜಿಯ ಕರಡಿಗಳೂ ಗುಹೆ ಬಿಟ್ಟು ಏಳಬೇಕು. ಅದರ ಹಿಂದೆ ಒಂದು ವರ್ಷ ಬಿದ್ದ. ಅದನ್ನು ಓಡಿಸಿಕೊಂಡು ಸಂಡೂರಿನ ಏರು ಹತ್ತಿ ಬಂದರೆ ಸುತ್ತಲಿನ ಊರಿನ ಹಳೇ ಗಾಡಿಗಳೆಲ್ಲ ತನ್ನ ಚಪ್ಪರಕ್ಕೇ ಬರುತ್ತವೆ ಎನ್ನುವುದು ಅವನ ಲೆಕ್ಕ. ತಪ್ಪು ಲೆಕ್ಕವೇನೂ ಅಲ್ಲ.

ಎರಡು ಸಿಲಿಂಡರ್ ಎಂದರೆ ಎರಡು ಪಿಸ್ಟನ್. ಅವಳಿ ಮಕ್ಕಳಂತೆ ಒಂದೇ ತೂಕ ಇರಬೇಕು ಎಂದು ಪಂಪ ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು ತೂಗಿದ. ಒಂದರದು ಇನ್ನೊಂದಕ್ಕೆ ಬೆರೆಯಬಾರದೆಂದು ಎಡಗಡೆಯದಕ್ಕೆ ಒಂದು ಚುಕ್ಕಿ, ಬಲಗಡೆಯದಕ್ಕೆ ಎರಡು ಚುಕ್ಕಿ ಹೊಡೆದ. ಪಿಸ್ಟನ್ನುಗಳನ್ನು ನನ್ನ ಅಡುಗೆಮನೆಯಲ್ಲಿ, ನೀರಿನ ಕೊಡದ ಪಕ್ಕ ಇಟ್ಟು, ಸಿಲಿಂಡರುಗಳನ್ನು ತರಲು ಲೇತ್ ಅಂಗಡಿಗೆ ಹೋದ. ಬೇಸಿಗೆಯ ನಡು ಮಧ್ಯಾಹ್ನ ಅವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬಂದ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಹಂಪಿಯ ಕಲ್ಲುಬಂಡೆಗಳಿಗೆ ಕೈ ತಾಕಿಸಿದವರಿಗೆ ಹೇಳುವುದೇ ಬೇಡ. ಆ ಕಬ್ಬಿಣ ಮುಟ್ಟಿದರೆ ರೊಟ್ಟಿ ಹಂಚಿನಂತಿತ್ತು.

"ನೋಡಿಬಿಡಕ್ಕಾ" ಎಂದ.

"ನಾಳಿ ಮುಂಜಾನೆ" ಎನ್ನಬೇಕಿತ್ತು. ಎಂದಿನಂತೆ.

ಆದರೆ ಅವನ ಗೆಳೆಯರು ಮೂರು ಜನ ಚಪ್ಪರದಲ್ಲಿ ನಿಂತಿದ್ದರು. ಅವರಲ್ಲೊಬ್ಬ, "ನಿಮ್ಮಕ್ಕ ಜ್ಯೋತಿಷ್ಯ ಹೇಳ್ತಾಳಂತಲ್ಲಲೇ, ನೋಡೋಣ" ಎಂದ. ಮುಂದಿನ ತಿಂಗಳು ನನ್ನ ಮದುವೆ, ಕಂಪ್ಲಿಗೆ ಹೋಗುವವಳು. ಈ ಆಟ ಇನ್ನು ಆಡುವುದಿಲ್ಲ ಎಂಬುದು ಮನಸ್ಸಿನಲ್ಲಿತ್ತು. ಸೆರಗು ಸಿಕ್ಕಿಸಿ ಕೂತೇಬಿಟ್ಟೆ. ಬಲಗಡೆಯದು ಚೆನ್ನಾಗಿ ಇಳಿಯಿತು. ಎಡಗಡೆಯದೂ ಇಳಿಯಿತು. ಗೆಳೆಯರು ಚಪ್ಪಾಳೆ ತಟ್ಟಿದರು. "ಸರಿ ಐತಿ" ಎಂದೆ. ನನಗೆ ಏನು ಅನಿಸಿತೆಂದು ಕೇಳಬೇಡಿ, ಆಕಾಶ ಮೂರೇ ಗೇಣು.

ಇದಿಷ್ಟೇ ಆಗಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು, ನಾನು ಇವತ್ತು ಇದನ್ನು ಬರೆಯಬೇಕಿರಲಿಲ್ಲ. ಸಂಜೆ ಅಡುಗೆಮನೆ ಸಾರಿಸುವಾಗ ಸಿಲಿಂಡರುಗಳನ್ನು ಸರಿಸಬೇಕಾಯಿತು. ತಣ್ಣಗಾಗಿದ್ದವು. ಯಾಕೋ ಕೈ ಸುಮ್ಮನಿರಲಿಲ್ಲ, ಮತ್ತೊಮ್ಮೆ ಬಿಟ್ಟು ನೋಡಿದೆ. ಬಲಗಡೆಯದು ಇಳಿಯಿತು. ಎಡಗಡೆಯದು ಅರ್ಧ ಇಳಿದು ನಿಂತಿತು. ಬಿಸಿಲಲ್ಲಿ ಹಿಗ್ಗಿದ ಸಿಲಿಂಡರಿಗೆ ನಾನು ತಂಪಾದ ಪಿಸ್ಟನ್ ಬಿಟ್ಟು ನೋಡಿದ್ದೆ. ಬಿಗಿ ಇತ್ತು. ಲೇತ್ ಅಂಗಡಿಗೆ ಕಳಿಸಿ ಕೂದಲೆಳೆಯಷ್ಟು ತಿಕ್ಕಿಸಿದ್ದರೆ ಮುಗಿಯುತ್ತಿತ್ತು.

ನಾನು ಪಿಸ್ಟನ್ನನ್ನು ಹೊರಗೆ ತೆಗೆದು, ಎಣ್ಣೆ ಒರೆಸಿ, ಮೊದಲಿದ್ದಂತೆಯೇ ಬಟ್ಟೆ ಸುತ್ತಿ ಇಟ್ಟೆ.

ಬೆಳಿಗ್ಗೆ ಪಂಪ ಬಂದು, "ಹಾಕ್ಲೇನಕ್ಕಾ?" ಎಂದ. ಅವನು ಯಾವತ್ತೂ ಹಾಗೆ ಕೇಳಿಯೇ ಹಾಕುತ್ತಿದ್ದವನು. "ಹಾಕು" ಎಂದೆ. ಓಡುತ್ತಾ ಓಡುತ್ತಾ ತಾನೇ ಬಿಡುತ್ತದೆ ಎಂದುಕೊಂಡೆ. ಹೀಗಂದುಕೊಳ್ಳಲು ಮೆಕ್ಯಾನಿಕ್ ಮಗಳೇ ಆಗಬೇಕು. ಏನೂ ಗೊತ್ತಿಲ್ಲದವಳು ಹೆದರಿ ಹೇಳಿಬಿಡುತ್ತಿದ್ದಳು.

ಒಂದು ವಾರ ಅವನು ಊರೊಳಗೆ ಓಡಾಡಿಸಿದ. ನಾನು ದಿನಾ, "ನಿಧಾನ ಹೋಗೋ" ಎನ್ನುತ್ತಿದ್ದೆ. "ಮದುವಿ ಹುಡುಗಿಗೆ ತಮ್ಮನ ಮ್ಯಾಲ ಎಂಥ ಕಾಳಜಿ ನೋಡವ್ವಾ" ಎಂದು ನಗುತ್ತಿದ್ದ. ಎಂಟನೆಯ ದಿನ ಸಂಡೂರಿಗೆ ಹೊರಟ. ಏರಿನ ನಡುವೆ ಹಿಂದಿನ ಚಕ್ರ ಕಚ್ಚಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿಯವನು ಪುಣ್ಯಾತ್ಮ, ಪಕ್ಕಕ್ಕೆ ಎಳೆದುಕೊಂಡ. ಪಂಪನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಎರಡನೆಯ ದಿನ ಆಸ್ಪತ್ರೆಯಲ್ಲಿ ಅವನೇ ಹೇಳಿದ: "ಎಣ್ಣಿ ಕಡಿಮಿ ಹಾಕೀನಿ ಅನಸ್ತೈತಕ್ಕಾ. ಎರಡು ಅಳತಿ ಹಾಕಬೇಕಿತ್ತು. ಎರಡನೇದು ಹಾಕಿದ್ನೋ ಇಲ್ಲೋ, ಎಷ್ಟು ನೆನಸಿದ್ರೂ ನೆನಪಾಗವಲ್ದು." ಪೆಟ್ರೋಲಿನಲ್ಲಿ ಎಣ್ಣೆ ಕಡಿಮೆಯಾದರೂ ಪಿಸ್ಟನ್ ಹಾಗೇ ಕಚ್ಚುತ್ತದೆ. ನಾನು ಅವನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಗಂಜಿ ಆರಿಸುತ್ತಾ ಕೂತಿದ್ದೆ. ಆರಿಸುತ್ತಲೇ ಇದ್ದೆ.

ಅಪ್ಪ ಕೆಟ್ಟವನಲ್ಲ, ಆದರೆ ಕೆಲಸದ ವಿಷಯದಲ್ಲಿ ಕಲ್ಲು. "ಎಣ್ಣಿ ಹಾಕಿದ್ದು ನೆನಪಿಲ್ಲದವನ ಕೈಯಾಗ ಮಂದಿ ಗಾಡಿ ಹೆಂಗ ಕೊಡ್ಲಿ?" ಎಂದ, ಗಿರಾಕಿಗಳ ಮುಂದೆಯೇ. ಕೈ ಕೂಡಿಕೊಂಡ ಮೇಲೂ ಪಂಪ ಸ್ಪ್ಯಾನರ್ ಹಿಡಿಯಲಿಲ್ಲ. ಅಪ್ಪ ಬೇಡವೆಂದದ್ದಕ್ಕಿಂತ ಅವನೇ ತನ್ನನ್ನು ನಂಬದಾದ. ಆ ಗಾಡಿಯನ್ನು ಬಿಚ್ಚಿಯೂ ನೋಡದೆ ಗೋಣಿಚೀಲ ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ. ಶಿಫ್ಟಿನ ಬಸ್ಸು, ಹೆಲ್ಮೆಟ್ಟು, ಊಟದ ಡಬ್ಬಿ. ಇಪ್ಪತ್ತೆರಡು ವರ್ಷ.

ಈ ಇಪ್ಪತ್ತೆರಡು ವರ್ಷದಲ್ಲಿ ಅವನು ಏನು ಮಾಡಿದರೂ ಎರಡು ಸಲ ನೋಡುವವನಾದ. ಬಾಗಿಲ ಚಿಲಕ ಎರಡು ಸಲ, ಗ್ಯಾಸ್ ಒಲೆಯ ತಿರುಪು ಎರಡು ಸಲ. ಅವನ ಹೆಂಡತಿ ಸರೋಜ ನಗೆಗಾರ್ತಿ. "ನಿಮ್ಮ ತಮ್ಮ ತಾಳಿ ಕಟ್ಟಿದ ಮ್ಯಾಲೂ ಗಂಟು ಎಳೆದು ನೋಡಿದ್ರು ಅಕ್ಕಾರ, ಗಟ್ಟಿ ಬಿದ್ದಾವೋ ಇಲ್ಲೋ ಅಂತ" ಎಂದು ಪ್ರತಿ ಹಬ್ಬಕ್ಕೂ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ, ಪಂಪನೂ ನಗುತ್ತಾನೆ. ನಾನೂ ನಗುತ್ತಿದ್ದೆ. ಹೇಗೆ ನಗುತ್ತಿದ್ದೆನೋ.

ಎರಡು ತಿಂಗಳ ಹಿಂದೆ ಅವನ ಫೋನ್ ಬಂತು. "ಅಕ್ಕಾ, ಹಳೇ ಗಾಡಿಗೆ ಈಗ ಮತ್ತ ಮರ್ಯಾದಿ ಬಂದೈತಿ. ನಮ್ಮ ಗಾಡಿಗೆ ಪಿಸ್ಟನ್ ಸಿಕ್ಕಾವ. ಐತ್ವಾರ ಎಂಜಿನ್ ಬಿಚ್ತೀನಿ. ಬಾ."

ಬಿಚ್ಚಿದರೆ ಕಾಣುತ್ತದೆ. ಅವನಿಗೆ ಕಾಣುವ ಮೊದಲು ನಾನು ಹೇಳಬೇಕು. ಶನಿವಾರವೇ ಹೋಗಬೇಕೆಂದುಕೊಂಡೆ. ಶನಿವಾರ ಬೆಳಿಗ್ಗೆ ಬರಿಗೈಯಲ್ಲಿ ಹೋಗುವುದೇ ಎಂದು ಶೇಂಗಾ ಹೋಳಿಗೆಗೆ ಕೂತೆ. ಮಧ್ಯಾಹ್ನ ಹೋಳಿಗೆಯ ಜೊತೆ ಉಪ್ಪಿನಕಾಯಿಯೂ ಇರಲಿ ಎನಿಸಿತು. ಸಂಜೆ ನನ್ನ ಗಂಡ, "ಇನ್ನೇನು, ಹಪ್ಪಳಾನೂ ಮಾಡಿಬಿಡು" ಎಂದ. ಭಾನುವಾರ ಮಧ್ಯಾಹ್ನ ಬಸ್ಸಿಳಿದು ಹೊಸಪೇಟೆಯ ಮನೆಗೆ ಹೋದಾಗ ಹಿತ್ತಲಲ್ಲಿ ಎಂಜಿನ್ ಬಿಚ್ಚಿ ಬಿದ್ದಿತ್ತು. ಪಂಪ ಮೊಣಕೈವರೆಗೂ ಕಪ್ಪಾಗಿ ನಗುತ್ತಾ ಕೂತಿದ್ದ. ಅಷ್ಟು ನಗುವನ್ನು ನಾನು ಅವನ ಮುಖದ ಮೇಲೆ ಮದುವೆಯಲ್ಲೂ ಕಂಡಿರಲಿಲ್ಲ.

"ಬಾಕ್ಕಾ, ನೋಡಿಲ್ಲಿ! ಬಲಗಡೆ ಕನ್ನಡಿ ಇದ್ದಂಗ ಐತಿ. ಎಡಗಡೆ ನೋಡು, ಬೆಕ್ಕು ಪರಚಿದಂಗ ಆಗೈತಿ. ಎಣ್ಣಿ ಕಡಿಮಿ ಆಗಿದ್ರ ಎರಡೂ ಹಿಡೀಬೇಕಿತ್ತೋ ಇಲ್ಲೋ? ಎಣ್ಣಿ ಹಾಕಿದ್ನಕ್ಕಾ ನಾನು! ಎರಡೂ ಅಳತಿ ಹಾಕಿದ್ದೆ!"

ಒಳಗಿನಿಂದ ಸರೋಜ ಕೂಗಿದಳು: "ಮುಂಜಾನಿಂದ ನಾಕು ಮಂದಿಗೆ ಫೋನ್ ಮಾಡಿ ಹೇಳ್ಯಾರ್ರಿ ಅಕ್ಕಾರ. ಹಾಲಿನವನಿಗೂ ಹೇಳ್ಯಾರ."

ಪಂಪ ಒಂದು ರಬ್ಬರ್ ಬಳೆಯನ್ನು ನನ್ನ ಮುಂದೆ ಹಿಡಿದ. ಎಂಜಿನ್ನಿನ ಎಡಗಡೆಯ ಸೀಲು, ಸೀಳಿತ್ತು. "ಇದ ನೋಡು ಕಳ್ಳ. ಇದರಾಗಿಂದ ಗಾಳಿ ಎಳಕೊಂಡು ಎಡಗಡೆ ಬಿಸಿ ಆಗಿ ಹಿಡದೈತಿ. ನಂದೂ ತಪ್ಪಿಲ್ಲ, ಯಾರದೂ ತಪ್ಪಿಲ್ಲ."

ಯಾರದೂ ತಪ್ಪಿಲ್ಲ. ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ಇಪ್ಪತ್ತೆರಡು ವರ್ಷ ಹಿತ್ತಲಲ್ಲಿ ನಿಂತ ಗಾಡಿಯ ರಬ್ಬರು ಒಣಗಿ ಸೀಳದೆ ಏನಾಗುತ್ತದೆ? ಸುಮ್ಮನೆ ಹೋಳಿಗೆ ಡಬ್ಬ ಬಿಚ್ಚಿದ್ದರೆ ಆಗುತ್ತಿತ್ತು. ತಮ್ಮನ ತಲೆಯ ಮೇಲಿನ ಭಾರ ತಾನಾಗಿಯೇ ಇಳಿದಿತ್ತು. ಇನ್ನು ನಾನು ಬಾಯಿ ಬಿಟ್ಟರೆ ಅವನಿಗೆ ಲಾಭವಿಲ್ಲ, ನನಗೆ ನಷ್ಟ. ಆದರೆ ಆ ರಬ್ಬರ್ ಬಳೆಯನ್ನು ಅವನು ಅಷ್ಟು ಪ್ರೀತಿಯಿಂದ ಹಿಡಿದಿದ್ದ. ಇನ್ನೊಂದು ಸುಳ್ಳನ್ನು ಅವನು ಹೀಗೆ ಕೈಯಲ್ಲಿ ಹಿಡಿದು ಕೂರುವುದನ್ನು ನೋಡಲಾಗಲಿಲ್ಲ.

"ಸೀಲು ಅಲ್ಲ ಪಂಪಾ" ಎಂದೆ.

ನಿಂತುಕೊಂಡೇ ಹೇಳಿದೆ. ಬಿಸಿ ಸಿಲಿಂಡರು, ಅವನ ಗೆಳೆಯರು, ಸಂಜೆ ಅರ್ಧಕ್ಕೆ ನಿಂತ ಪಿಸ್ಟನ್ನು, ಬೆಳಿಗ್ಗೆ ಹಾಕು ಎಂದದ್ದು. ಎಲ್ಲ ಮುಗಿದ ಮೇಲೆ ಅವನು ಸೀಲನ್ನು ತಿರುಗಿಸಿ ನೋಡುತ್ತಾ ಕೇಳಿದ:

"ಅಪ್ಪ ಸಾಯೋಮುಂದ ನೀ ಅಲ್ಲೇ ಕುಂತಿದ್ದೆಲ್ಲ?"

"ಹೂಂ."

"ಇನ್ನರ ಎಣ್ಣಿ ನೋಡಿ ಹಾಕೋ ಅಂದ, ನನಗ. ಅದ ಕಡೀ ಮಾತು."

"ಹೂಂ. ಕೇಳಿದ್ದೆ."

"ಆವಾಗರ ಹೇಳಬೇಕಿತ್ತಕ್ಕಾ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅದನ್ನೂ ಅವನು ಕೊಡಲಿಲ್ಲ. ಎದ್ದು ಕೈ ತೊಳೆಯಲು ಹೋದವನು ಊಟಕ್ಕೆ ಬರಲಿಲ್ಲ. ಸರೋಜ ನನಗೆ ಬಡಿಸಿ ಎದುರಿಗೆ ಕೂತಳು. ಕಂಪ್ಲಿಗೆ ವಾಪಸಾಗುವಾಗ ಬುಕ್ಕಸಾಗರ ದಾಟುವ ತನಕ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಗದ್ದೆಗೆ ನೀರು ಬಿಟ್ಟ ಸುದ್ದಿ ಹೇಳುತ್ತಲೇ ಇದ್ದಳು. ನಾನು ಹೌದೌದು ಎನ್ನುತ್ತಲೇ ಇದ್ದೆ.

ಐದು ವಾರ ಫೋನಿಲ್ಲ. ಆರನೆಯ ಶನಿವಾರ ಸಂಜೆ ಕಂಪ್ಲಿಯ ನಮ್ಮ ಬಾಗಿಲಲ್ಲಿ ಪಂಪ ನಿಂತಿದ್ದ. ಕಾರ್ಖಾನೆಯ ಬೂಟು, ಕೈಯಲ್ಲಿ ಭಾರದ ಚೀಲ. ಒಳಗೆ ಎರಡು ಸಿಲಿಂಡರು, ಎರಡು ಹೊಸ ಪಿಸ್ಟನ್ನು. ನನ್ನತ್ತ ನೋಡದೆ ನೇರ ಅಡುಗೆಮನೆಗೆ ಹೋಗಿ ಮೂಲೆಯಲ್ಲಿಟ್ಟ.

"ಇವತ್ತು ಮುಟ್ಟಬ್ಯಾಡ. ಮುಂಜಾನೆ ನೋಡು" ಎಂದ. ಚೀಲದ ಬಾಯಿ ಕಟ್ಟುತ್ತಾ, "ಸಿಟ್ಟು ಹೋಗೈತಿ ಅಂತ ತಿಳಕೋಬ್ಯಾಡ. ಹೊಸಪೇಟ್ಯಾಗ ಮೆಷಿನ್ ಇಟ್ಟು ಅಳಿಯೋರು ಅದಾರ. ಆದ್ರ ನನಗ ನಂಬಿಕಿ ಬರವಲ್ದು" ಎಂದ.

ಯಾರ ಮೇಲೆ ನಂಬಿಕೆ ಬರುತ್ತಿಲ್ಲ ಎಂದು ನಾನು ಕೇಳಲಿಲ್ಲ. ಅವನು ರಾತ್ರಿ ಊಟ ಮಾಡಿದ, ನನ್ನ ಗಂಡನ ಜೊತೆ ಬಾಳೆತೋಟದ ಮಾತು ಆಡಿದ, ಮಲಗಿದ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ನಾನು ಕೂತೆ. ನನ್ನ ಗಂಡ ಚಹವಿಲ್ಲದೆ ಹೊಸ್ತಿಲಲ್ಲಿ ಕೂತ, ಪಾಪ. ಬಲಗಡೆಯದು ಇಳಿಯಿತು. ಎಡಗಡೆಯದು ನಿಂತಿತು.

"ಬಿಗಿ ಐತಿ" ಎಂದೆ. ಇಪ್ಪತ್ತೆರಡು ವರ್ಷ ತಡವಾಗಿ ಬಂದ ಮಾತು, ಆದರೂ ಬಾಯಿಗೆ ಎಷ್ಟು ಸಲೀಸು! "ವಾಪಸ್ ಒಯ್ಯಿ. ಕೂದಲೆಳಿಯಷ್ಟು ತಿಕ್ಕಬೇಕು."

ಅವನು ಒಯ್ದ. ಮುಂದಿನ ಶನಿವಾರ ಮತ್ತೆ ತಂದ. ಮತ್ತೆ ಬಿಗಿ. "ಲೇತ್‌ನವ ನಿನಗ ಬೈತಾನ" ಎಂದ ಪಂಪ. "ಬೈಲಿ ಬಿಡು" ಎಂದೆ. ಆ ಸಲ ಅವನು ತುಸು ನಕ್ಕಂತೆ ಕಂಡಿತು; ಮೀಸೆಯ ಕೆಳಗೆ ಸರಿಯಾಗಿ ತಿಳಿಯಲಿಲ್ಲ.

ಮೊನ್ನೆ ಭಾನುವಾರ ಮೂರನೆಯ ಸಲ. ಎಣ್ಣೆ ಸವರಿ ಕೈಬಿಟ್ಟೆ. ಬೆರಳಿಗೆ ಆ ಎಳೆತ ತಾಕಿತು. ಎಡಗಡೆಯ ಪಿಸ್ಟನ್ನು ಯಾವ ಅವಸರವೂ ಇಲ್ಲದೆ, ತನ್ನ ಪಾಡಿಗೆ ತಾನು ಇಳಿದು ತಳ ಮುಟ್ಟಿತು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನ ನಾಲಿಗೆಯ ಮೇಲೆ "ಬಿಗಿ" ಎಂಬ ಮಾತೇ ಬಂದು ನಿಂತಿತ್ತು. ಬಿಗಿ ಎಂದರೆ ಮುಂದಿನ ಶನಿವಾರವೂ ಬರುತ್ತಾನೆ. ಸರಿ ಇದೆ ಎಂದರೆ ಚೀಲ ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ಅವನಿಗೆ ಇಲ್ಲಿ ಏನು ಕೆಲಸ?

"ಸರಿ ಐತಿ" ಎಂದೆ.

"ಇನ್ನೊಮ್ಮಿ ನೋಡು."

ಇನ್ನೊಮ್ಮೆ ಬಿಟ್ಟೆ. ಅವನು ಪಿಸ್ಟನ್ನನ್ನು ನೋಡಲಿಲ್ಲ, ಅದು ಇಳಿಯುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡಿದ.

"ಸರಿ ಐತಿ ಪಂಪಾ. ಹಾಕು."

ಅವನು ಬಟ್ಟೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ಚಹ ಕುಡಿದ. ಬೂಟಿನ ಲೇಸು ಕಟ್ಟಿಕೊಳ್ಳುವಾಗ ನಾನು ತಡೆಯಲಾರದೆ ಕೇಳಿದೆ: "ಮತ್ತ ಸಂಡೂರು ಏರು ಹತ್ತಿಸ್ತೀಯೇನೋ?"

"ನಿನಗೇನು ಹುಚ್ಚೇನಕ್ಕಾ? ಹೊಸ ಪಿಸ್ಟನ್ ಹಾಕಿದ ಗಾಡಿ ಮೊದಲಿಗೇ ಏರು ಹತ್ತಿಸ್ತಾರೇನು? ಆವಾಗ ಒಂದು ವಾರಕ್ಕ ಹತ್ತಿಸಿದ್ದು ನಂದೂ ತಪ್ಪ. ಈ ಸಲ ಒಂದು ಸಾವಿರ ಕಿಲೋಮೀಟರು ಸಪಾಟ ದಾರ್‍ಯಾಗ ನಿಧಾನಕ್ಕ ಓಡಿಸಬೇಕು." ಕಟ್ಟಿದ ಲೇಸನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದ. ಎದ್ದು ನಿಂತು ಚೀಲ ಎತ್ತಿಕೊಂಡು ರಸ್ತೆಯ ಕಡೆ ನೋಡುತ್ತಾ ಹೇಳಿದ: "ಕಂಪ್ಲಿ ದಾರಿ ಸಪಾಟ ಐತಿ."

ಪೇಂಟರ್ ಡಬ್ಬ ಎತ್ತಿಕೊಂಡು ಹೋದ ಮೇಲೆ ನಾನು ಒಳಗೆ ಬಂದು ಬೇಳೆಯ ಮುಂದೆ ಕೂತು ಲೆಕ್ಕ ಹಾಕಿದೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗಿ ಬಂದರೆ ಅರವತ್ತು ಕಿಲೋಮೀಟರಾದರೂ ಆಗುತ್ತದೆ. ಸಾವಿರಕ್ಕೆ ಎಷ್ಟು ಸಲ? ಭಾಗಾಕಾರ ನನಗೆ ಶಾಲೆಯಲ್ಲೂ ಸರಿಯಾಗಿ ಬರುತ್ತಿರಲಿಲ್ಲ. ಬೆರಳು ಮಡಿಚಿ ಎಣಿಸಿದೆ. ಹದಿನಾರು ಮುಗಿದು ಹದಿನೇಳಕ್ಕೆ ಬೀಳುತ್ತದೆ. ಸರಿ ಇದೆಯೋ ಇಲ್ಲವೋ ಎಂದು ಇನ್ನೊಮ್ಮೆ ಎಣಿಸಿದೆ.